ನಿಮಿಷಕ್ಕೆ ನಲವತ್ತು ಪುಟ

ವಡೋದರಾದ ಮಂಜಲ್‌ಪುರದ ವೆಂಕಟಾಚಲರಿಗೆ ಭಾನುವಾರ ಎಂದರೆ ಆಗುತ್ತಿರಲಿಲ್ಲ. ಇದನ್ನು ಕಂಡುಹಿಡಿಯಲು ಯಾರೂ ಕಷ್ಟಪಡಬೇಕಾಗಿರಲಿಲ್ಲ, ಅವರೇ ಎಲ್ಲರಿಗೂ ಹೇಳುತ್ತಿದ್ದರು. "ವಾರವಿಡೀ ಸುಟ್ಟ ಗೋಡೌನು ಸುತ್ತಿ ಬರ್ತೀನಿ ಕಣ್ರೀ. ಭಾನುವಾರ ಒಂದಿನ ಕಾಲು ಚಾಚೋಣ ಅಂದ್ರೆ ಈ ಜನ ಬಿಡ್ತಾರಾ? ಬೆಳಗಾದ್ರೆ ಬಾಗಿಲಲ್ಲಿ ಚಪ್ಪಲಿ ಸಂತೆ!" ಎಂದು ಗೋಳಾಡುವಾಗ ಅವರ ಮುಖದಲ್ಲಿ, ಮಗಳ ಮದುವೆಗೆ ಎಣಿಸಿದ್ದಕ್ಕಿಂತ ಹೆಚ್ಚು ಜನ ಬಂದ ತಂದೆಯ ಕಳೆ ಇರುತ್ತಿತ್ತು. ಅಡುಗೆ ಸಾಲದು ಎಂಬ ಚಿಂತೆಯೂ ಹೌದು, ನೋಡಿ ನಮ್ಮ ಮನೆಗೆ ಎಷ್ಟು ಜನ ಎಂಬ ಬೀಗುವಿಕೆಯೂ ಹೌದು.

ಹಿರಿಯೂರಿನವರಾದ ವೆಂಕಟಾಚಲರು ವಿಮಾ ಕಂಪನಿಯ ವರ್ಗಾವಣೆಯ ಮೇಲೆ ಎರಡು ವರ್ಷಕ್ಕೆಂದು ವಡೋದರಾಕ್ಕೆ ಬಂದವರು. ಆ ಎರಡು ವರ್ಷ ಇನ್ನೂ ಮುಗಿದಿಲ್ಲ. ನಡುವೆ ಮಗಳು ವಿಭಾ ಇಲ್ಲೇ ಹುಟ್ಟಿ, ಇಲ್ಲೇ ಓದಿ, ಸೂರತ್ತಿನಲ್ಲಿ ಕೆಲಸಕ್ಕೆ ಸೇರಿ ಆಗಿದೆ. ಅವರಿಗೆ ನಿವೃತ್ತಿಯೂ ಆಗಿದೆ. ಈಗ ಸ್ವಂತವಾಗಿ ಸರ್ವೇಯರ್ ಕೆಲಸ. ಮಕರಪುರಾದ ಕಾರ್ಖಾನೆಗಳಲ್ಲಿ ಎಲ್ಲಾದರೂ ಬೆಂಕಿ ಬಿದ್ದರೆ, ನೀರು ನುಗ್ಗಿದರೆ, ಹೋಗಿ ನಷ್ಟ ಎಷ್ಟು ಎಂದು ಅಳೆದು ಬರೆದುಕೊಡುವುದು. ಆಫೀಸು ಮನೆಯ ಮುಂದಿನ ಕೋಣೆ. ಆ ಕೋಣೆಯಲ್ಲಿ ನಾಲ್ಕು ಉಕ್ಕಿನ ಬೀರು, ಬೀರುವಿನ ತುಂಬ ಕಾಗದ, ಬೀರುವಿನ ಮೇಲೆ ಕಾಗದ, ಮಂಚದ ಕೆಳಗೂ ಕಾಗದ. ಹೆಂಡತಿ ವೈದೇಹಿ ಕಸ ಗುಡಿಸುವಾಗ ಆ ಕೋಣೆಯ ಹೊಸ್ತಿಲಲ್ಲೇ ನಿಂತು ಪೊರಕೆಯನ್ನೊಮ್ಮೆ ತೋರಿಸಿ ವಾಪಸಾಗುತ್ತಿದ್ದರು.

ಭಾನುವಾರ ಬರುವವರು ಊರಿನ ಕನ್ನಡ ಮನೆಗಳವರು. ರೈಲ್ವೆಯವರು, ಬ್ಯಾಂಕಿನವರು, ವರ್ಗವಾಗಿ ಬಂದು ಇಲ್ಲೇ ಬೇರುಬಿಟ್ಟವರು, ನಿನ್ನೆ ಬಂದು ನಾಳೆ ಹೋಗುವವರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಒಂದಿಷ್ಟು ಕಾಗದ. ಪಿಂಚಣಿಯದೋ, ಸೈಟಿನದೋ, ಮಗನ ಜಾತಿ ಸರ್ಟಿಫಿಕೇಟಿನದೋ ಒಂದು ತೊಡಕು. ವೆಂಕಟಾಚಲರು ಕನ್ನಡಕ ಏರಿಸಿ ಮೊದಲ ಸಾಲಿನಿಂದ ಕೊನೆಯ ಮೊಹರಿನವರೆಗೆ ಓದುವರು. ಓದುತ್ತ "ಓಹೋ, ಇವರು ಕಡೂರಿನ ತಹಶೀಲ್ದಾರರಾಗಿದ್ದರೇ?" ಎಂದು ಕಾಗದದ ಆಚೆಗೆ ಹೊರಟುಬಿಡುವರು. ಉಪ್ಪಿಟ್ಟು ಬರುವುದು, ಕಾಫಿ ಬರುವುದು, ಇನ್ನೊಬ್ಬರು ಬರುವರು, ಇನ್ನೊಂದು ಕಾಫಿ ಬರುವುದು. ಕೊನೆಗೆ ಮೂಲೆಯಂಗಡಿಯಲ್ಲಿ ಜೆರಾಕ್ಸ್ ತೆಗೆಸಿ ಒಂದು ಪ್ರತಿ ಅವರಿಗೆ, ಒಂದು ಪ್ರತಿ ಬೀರುವಿಗೆ. "ವೆಂಕಟಾಚಲರ ಮನೇಲಿ ಒಂದು ಕಾಪಿ ಇರ್ಲಿ" ಎನ್ನುವುದು ವಡೋದರಾದ ಕನ್ನಡಿಗರಲ್ಲಿ ಗಾದೆಯೇ ಆಗಿತ್ತು.

ಆಮೇಲೆ ವಿಶ್ವಾಮಿತ್ರಿ ನದಿ ಉಕ್ಕಿತು. ಅರ್ಧ ಊರಿನ ನೆಲಮಾಳಿಗೆ, ಅರ್ಧ ಊರಿನ ನಡುಮನೆ ಮುಳುಗಿತು. ವೆಂಕಟಾಚಲರ ಮಂಚದ ಕೆಳಗಿನ ಕಾಗದಗಳೂ ನೆನೆದವು. ನೀರಿಳಿದ ಮೇಲೆ ಬಾಲ್ಕನಿಗಳಲ್ಲಿ ಸೀರೆ, ಪಂಚೆಗಳ ಪಕ್ಕ ಕ್ಲಿಪ್ಪು ಹಾಕಿ ಕ್ರಯಪತ್ರ, ಮಾರ್ಕ್ಸ್ ಕಾರ್ಡುಗಳನ್ನು ಒಣಹಾಕಿದ್ದರು. ಎಲ್ಲರ ಬಾಯಲ್ಲೂ ಒಂದೇ ಮಾತು: ಇನ್ನು ಕಾಗದ ನಂಬಬಾರದು, ಎಲ್ಲ ಸ್ಕ್ಯಾನ್ ಮಾಡಿಸಿ ಮೇಲಕ್ಕೆ ಕಳಿಸಿಬಿಡಬೇಕು. ಮೇಲಕ್ಕೆ ಎಂದರೆ ಎಲ್ಲಿಗೆ ಎಂದು ಯಾರಿಗೂ ಸ್ಪಷ್ಟವಿರಲಿಲ್ಲ. ನದಿಗೆ ಎಟುಕದಷ್ಟು ಮೇಲೆ ಅನ್ನುವುದಷ್ಟೇ ಅವರಿಗೆ ಬೇಕಿತ್ತು.

ಸರಿಯಾಗಿ ಆ ಹೊತ್ತಿಗೆ ಬಾಲಚಂದ್ರ ಬಂದರು.

ಬಾಲಚಂದ್ರ ಹುಬ್ಬಳ್ಳಿಯವರು. ವೆಂಕಟಾಚಲರ ಜೊತೆ ಒಂದೇ ವರ್ಷ ಅದೇ ವಿಮಾ ಕಂಪನಿಗೆ ಸೇರಿದವರು. ಅಲ್ಲಿಂದ ಮುಂದೆ ಇಬ್ಬರೂ ಸಮನಾಗಿ ನಡೆಯಲಿಲ್ಲ. ಬಡ್ತಿ ಬಾಲಚಂದ್ರರಿಗೆ ಮೊದಲು ಬಂತು. ಅದರ ಹಿಂದೆ ಅಹಮದಾಬಾದಿನ ದೊಡ್ಡ ಆಫೀಸು, ಅಲ್ಲಿನ ಬೋಪಾಲ್ ಬಡಾವಣೆಯ ಎತ್ತರದ ಕಟ್ಟಡದಲ್ಲಿ ಫ್ಲ್ಯಾಟು, ಫ್ಲ್ಯಾಟಿನಿಂದ ಕಾಣುವ ಸೂರ್ಯಾಸ್ತ ಇವೂ ಬಂದವು. ಆ ಸೂರ್ಯಾಸ್ತದ ಫೋಟೋ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಬಂದಾಗಲೆಲ್ಲ ವೆಂಕಟಾಚಲರು ಹೆಬ್ಬೆರಳು ಎತ್ತಿದ ಚಿಹ್ನೆ ಒತ್ತಿ, ಫೋನನ್ನು ಬೋರಲು ಹಾಕುತ್ತಿದ್ದರು. ಆದರೂ ಅಹಮದಾಬಾದು ದೂರ. ಹೊಟ್ಟೆಕಿಚ್ಚಿಗೂ ಒಂದು ಹದವಿತ್ತು. ಈಗ ಬಾಲಚಂದ್ರರ ಮಗಳಿಗೆ ವಡೋದರಾದಲ್ಲಿ ಕೆಲಸವಾಗಿ, ಅವರೂ ಹೆಂಡತಿ ನಳಿನಿಯೊಂದಿಗೆ ಇಲ್ಲಿನ ಗೋರ್ವಾ ಬಡಾವಣೆಗೆ ಬಂದು ಮನೆ ಮಾಡಿದರು.

ಹಾಲುಕ್ಕಿಸಿದ ದಿನ ಎಲ್ಲರ ಜೊತೆ ವೆಂಕಟಾಚಲರೂ ವೈದೇಹಿಯೂ ಹೋದರು. ಬಾಲಚಂದ್ರರ ಆಫೀಸು ಕೋಣೆಯಲ್ಲಿ ಒಂದು ಮೇಜು, ಒಂದು ಹೂಕುಂಡ, ರೊಟ್ಟಿ ಡಬ್ಬಿಯಷ್ಟು ದೊಡ್ಡದೊಂದು ಬಿಳಿ ಯಂತ್ರ. ಕಾಗದವೆಂಬುದು ಹುಡುಕಿದರೂ ಇಲ್ಲ.

"ಇದೇನ್ರೀ, ಆಫೀಸೋ ದೇವರ ಮನೆಯೋ?" ಎಂದರು ಶೇಷಾದ್ರಿ. ರೈಲ್ವೆಯಿಂದ ನಿವೃತ್ತರಾದ ಶೇಷಾದ್ರಿ ವೆಂಕಟಾಚಲರ ಭಾನುವಾರದ ಕಾಯಂ ಗಿರಾಕಿ, ಎರಡನೆಯ ಕಾಫಿಗೂ ಕಾಯುವವರು.

"ಪೇಪರ್‌ಲೆಸ್ ಅದ, ಶೇಷಾದ್ರಿಯವರ. ನಿಮ್ಮ ಚೀಲ ತರ್ರಿ ಇಲ್ಲೆ" ಎಂದು ಬಾಲಚಂದ್ರರು ಅವರ ಕಾಗದಗಳ ಕಟ್ಟನ್ನು ಯಂತ್ರದ ಬಾಯಿಗಿಟ್ಟು ಗುಂಡಿ ಒತ್ತಿದರು. ಸರ್‍ರೆಂದು ಕಾಗದಗಳು ಮೇಲಿಂದ ಒಳಗೆ ಹೋಗಿ ಕೆಳಗಿಂದ ಈಚೆ ಬಿದ್ದವು. "ನಿಮಿಷಕ್ಕ ಮೂವತ್ತು ಪುಟ. ಎರಡೂ ಮಗ್ಗಲ ಒಮ್ಮೆಲೆ. ನೋಡ್ರಿ, ನಿಮ್ಮ ಫೋನಿಗೆ ಬಂತು."

"ಅಯ್ಯೋ ಶಿವನೇ!" ಎಂದರು ಶೇಷಾದ್ರಿ. ಆ ಉದ್ಗಾರದಲ್ಲಿದ್ದ ಭಕ್ತಿಯನ್ನು ವೆಂಕಟಾಚಲರು ಇಷ್ಟು ವರ್ಷ ಓದಿದ ಯಾವ ಮೊಹರೂ ಹೊರಡಿಸಿರಲಿಲ್ಲ.

ವೈದೇಹಿ ಕೋಣೆಯ ಸುತ್ತ ಕಣ್ಣಾಡಿಸಿ, "ಎಷ್ಟು ಹಗುರಾಗಿದೆ ಅಲ್ವಾ ಈ ರೂಮು? ಉಸಿರಾಡಬೋದು" ಎಂದರು. ಅವರು ಹೇಳಿದ್ದು ನಳಿನಿಗೆ. ನೆಟ್ಟಿದ್ದು ಗಂಡನ ಎದೆಯಲ್ಲಿ.

ಮುಂದಿನ ಭಾನುವಾರ ಮಂಜಲ್‌ಪುರಕ್ಕೆ ಯಾರೂ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ವೆಂಕಟಾಚಲರಿಗೆ ಕಾಲು ಚಾಚಲು ಬೇಕಾದಷ್ಟು ಹೊತ್ತು ಸಿಕ್ಕಿತು. ಅವರು ಚಾಚಿ ನೋಡಿದರು, ಮಡಚಿ ನೋಡಿದರು. ಬೀದಿಯಲ್ಲಿ ಸ್ಕೂಟರ್ ನಿಂತ ಸದ್ದಾದರೆ ಕಿಟಕಿಗೆ ಹೋಗುವರು. ಪಕ್ಕದ ಮನೆಯ ಪಟೇಲರು ಬೆಳಗಿನ ತಿಂಡಿಗೆ ಫಾಫ್ಡಾ ಕಟ್ಟಿಸಿಕೊಂಡು ಬಂದಿರುವರು. ವೈದೇಹಿ ಅಭ್ಯಾಸಬಲದಿಂದ ಇಳಿಸಿದ ಡಿಕಾಕ್ಷನ್ ಸಂಜೆಯವರೆಗೆ ಕಪ್ಪಗೆ ಕೂತಿರುತ್ತಿತ್ತು.

ತರಕಾರಿ ಮಾರುಕಟ್ಟೆಯಲ್ಲಿ ಸಿಕ್ಕ ಶೇಷಾದ್ರಿ, "ನಿಮಗ್ಯಾಕೆ ತೊಂದರೆ ಕೊಡೋದು ಅಂತ ಸಾರ್. ಭಾನುವಾರ ರೆಸ್ಟ್ ಇಲ್ಲ ಅಂತಿದ್ರಲ್ಲ ನೀವು" ಎಂದು ಬೆಂಡೆಕಾಯಿ ತುದಿ ಮುರಿದರು. ವೆಂಕಟಾಚಲರು "ಹೌದೌದು, ಈಗ ಭಾಳ ಆರಾಮು" ಎಂದರು. ಮನೆಗೆ ಬಂದು ಮಜ್ಜಿಗೆ ಎರಡು ಲೋಟ ಕುಡಿದರು. ಮೂವತ್ತು ವರ್ಷ ಊರವರ ಬೆಂಕಿ ಅಳೆದವರಿಗೆ ಹೊಟ್ಟೆಯಲ್ಲಿ ಹತ್ತಿದ್ದು ಅಳತೆಗೇ ಸಿಗಲಿಲ್ಲ.

"ನಾವೂ ಒಂದು ಸ್ಕ್ಯಾನರ್ ತಗೊಳ್ಳೋಣ" ಎಂದರು ಕೊನೆಗೆ.

"ತಗೊಳ್ಳಿ" ಎಂದರು ವೈದೇಹಿ. "ಬೀರು ಖಾಲಿಯಾದ್ರೆ ನನಗೂ ಆ ರೂಮಲ್ಲಿ ಒಂದು ಫ್ಯಾನಿನ ಗಾಳಿ ಸಿಗತ್ತೆ."

ಅಂದಿನಿಂದ ವೆಂಕಟಾಚಲರು ಫೋನಿನಲ್ಲಿ ಸ್ಕ್ಯಾನರ್ ವೀಡಿಯೋ ನೋಡತೊಡಗಿದರು. ಯಾರೋ ಹುಡುಗರು ಪೆಟ್ಟಿಗೆ ಬಿಚ್ಚಿ, ಕಾಗದ ತೂರಿಸಿ, ಇದು ಒಳ್ಳೆಯದು ಅದು ಕೆಟ್ಟದ್ದು ಎನ್ನುವುದನ್ನು ಹೆಣ್ಣು ನೋಡಲು ಹೊರಟ ಗಂಡಿನ ಕಡೆಯವರಂತೆ ಗಂಭೀರವಾಗಿ ಕೇಳಿದರು. ಎಲ್ಲ ಕೇಳಿ ಅವರು ಹಿಡಿದದ್ದು ಒಂದೇ ಅಂಶ: ನಿಮಿಷಕ್ಕೆ ಎಷ್ಟು ಪುಟ.

ಸೂರತ್ತಿನಿಂದ ವಿಭಾ ಫೋನಿನಲ್ಲಿ ತಲೆ ಚಚ್ಚಿಕೊಂಡಳು. ಅವಳ ಕನ್ನಡ ಮನೆಯಲ್ಲಿ ಕಲಿತದ್ದು, ಹೊರಗೆ ಹೋಗಿ ಅಭ್ಯಾಸವಿಲ್ಲದ್ದು. "ಪಪ್ಪಾ, ನೀವು ಮೊದ್ಲು ನೋಡಿ ನಾ, ನಿಮ್ಮ ಪೇಪರ್ ಕೈಸಾ ಇದೆ. ಎಲ್ಲಾ ಫ್ಲಡ್‌ನಲ್ಲಿ ವೆಟ್ ಆಗಿದ್ದು, ಹಪ್ಪಳ ಜೈಸಾ ಆಗಿದೆ. ರೋಲರ್‌ನಲ್ಲಿ ಹಾಕಿದ್ರೆ ಫಟ್ ಜಾಯೇಗಾ. ಮುಚ್ಚಳ ತೆಗೆದು ಗ್ಲಾಸ್ ಮೇಲೆ ಇಡೋದು ಬರ್ತದಲ್ಲ, ಫ್ಲಾಟ್‌ಬೆಡ್, ವೋ ಲೇಲೋ."

"ಅದು ನಿಮಿಷಕ್ಕೆ ಎಷ್ಟು?"

"ಅದರಲ್ಲಿ ನಿಮಿಷಕ್ಕೆ ಎರಡು-ಮೂರು ಬರ್ತದೆ, ಪಪ್ಪಾ."

"ಬೇಡ."

"ನಿಮಗೆ ಯಾಕೆ ಇಷ್ಟು ಜಲ್ದಿ? ಎಲ್ಲಿ ಹೋಗೋದಿದೆ ನಿಮಗೆ?"

ಎಲ್ಲಿಗೂ ಹೋಗುವುದಿರಲಿಲ್ಲ. ಜನ ಬರುವುದಿತ್ತು. ಆದರೆ ಅದನ್ನು ಮಗಳಿಗೆ ಹೇಗೆ ಹೇಳುವುದು?

ರಾವ್‌ಪುರಾದ ಕಂಪ್ಯೂಟರ್ ಅಂಗಡಿಯಲ್ಲಿ ಮಾಲೀಕ ಹಸ್ಮುಖಭಾಯಿ ಕುರ್ಚಿ ಎಳೆದು ಕೂರಿಸಿ, ಚಹಾ ತರಿಸಿ, "ಬೋಲೋ ಕಾಕಾ, ಏನೇನು ಸ್ಕ್ಯಾನ್ ಮಾಡೋದಿದೆ?" ಎಂದು ಹಿಂದಿಯಲ್ಲಿ ಕೇಳಿದ. ವೆಂಕಟಾಚಲರು ಉತ್ತರವಾಗಿ, "ಮೂವತ್ತಕ್ಕಿಂತ ಜಾಸ್ತಿ ಯಾವುದಿದೆ?" ಎಂದರು. ಮೂವತ್ತೈದರದ್ದಿದೆ ಎಂದ. ಮೂವತ್ತೈದು ಏನೋ ಜಿಪುಣತನದ ಗೆಲುವಿನಂತೆ ಕಂಡಿತು. "ಅದರ ಮೇಲೆ?" ನಲವತ್ತರದ್ದಿದೆ, ಆದರೆ ಅದು ಬ್ಯಾಂಕು-ಆಸ್ಪತ್ರೆಯವರು ಒಯ್ಯುವುದು ಎಂದ. "ಕೊಡಿ" ಎಂದರು. ಮನೆಗೆ ಬರುವ ದಾರಿಯುದ್ದಕ್ಕೂ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ರಿಕ್ಷಾ ಪ್ರತಿ ಗುಂಡಿ ಹಾರಿದಾಗಲೂ ತಬ್ಬಿಕೊಂಡರು.

ಮರುದಿನ ಆಯುಧ ಪೂಜೆ. ನವರಾತ್ರಿಯ ಗರ್ಬಾದಲ್ಲಿ ಕುಣಿದು ದಣಿದ ಬೀದಿಯೆಲ್ಲ ಇನ್ನೂ ಮಲಗಿತ್ತು. ವೆಂಕಟಾಚಲರ ಮನೆಯಲ್ಲಿ ಸ್ಕೂಟರು, ಇಳಿಗೆಮಣೆ, ಅಳತೆ ಟೇಪುಗಳ ಸಾಲಿನಲ್ಲಿ ಹೊಸ ಸ್ಕ್ಯಾನರೂ ಮಣೆಯ ಮೇಲೆ ಕೂತಿತು. ವೈದೇಹಿ ಕೈತುಂಬ ಪೂಜೆ ಮಾಡುವವರು. ನೆತ್ತಿಗೆ ಚೆಂಡುಹೂ ಏರಿಸಿದರು, ಮುಖಕ್ಕೆ ಅರಿಶಿನ ಕುಂಕುಮ ಹಚ್ಚಿದರು. ಕಾಗದ ಹೋಗುವ ಬಾಯಿ ತೆರೆದಿತ್ತು. "ಹೊಸದಾಗಿ ಮನೆಗೆ ಬಂದಿದೆ, ಖಾಲಿ ಬಾಯಲ್ಲಿ ಇರಬಾರದು" ಎಂದು ನಾಲ್ಕು ಕಾಳು ಅಕ್ಷತೆ, ಅದರ ಹಿಂದೆ ಒಂದು ಚಿಟಿಕೆ ಕುಂಕುಮ ಅದರೊಳಗೆ ಬಿಟ್ಟರು.

"ಹೊಟ್ಟೆ ತುಂಬ ಹಾಕು, ನಲವತ್ತರದ್ದು ಅದು" ಎಂದರು ವೆಂಕಟಾಚಲರು, ಕೈಮುಗಿದು.

ಆಮೇಲೆ ವಾಟ್ಸಾಪ್ ಗುಂಪಿಗೆ ಬರೆದರು: "ನಮ್ಮಲ್ಲಿಯೂ ಸ್ಕ್ಯಾನಿಂಗ್ ವ್ಯವಸ್ಥೆ ಆಗಿದೆ. ನಿಮಿಷಕ್ಕೆ ನಲವತ್ತು ಪುಟ." ನಲವತ್ತನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದರು, ಚೆಕ್ಕಿನಲ್ಲಿ ಬರೆದ ಹಾಗೆ.

ಭಾನುವಾರ ಜನ ಬಂದರು! ಶೇಷಾದ್ರಿ ಬಂದರು. ಶಿವಮೊಗ್ಗದಿಂದ ಹೊಸದಾಗಿ ಬ್ಯಾಂಕಿಗೆ ವರ್ಗವಾಗಿ ಬಂದಿದ್ದ ರಜನಿ ಬಂದಳು. ಇನ್ನೂ ಮೂರು ನಾಲ್ಕು ಮನೆಯವರು ಬಂದರು. ವೈದೇಹಿ ದೊಡ್ಡ ಪಾತ್ರೆಗೆ ರವೆ ಹುರಿದರು. ವೆಂಕಟಾಚಲರು ಸಂಗೀತ ಕಛೇರಿಗೆ ಕೂತವರಂತೆ ತೋಳು ಮಡಚಿ ಗುಂಡಿ ಒತ್ತಿದರು. ಯಂತ್ರ ಮೊದಲು ಒಮ್ಮೆ ಕೆಮ್ಮಿತು, ಆಮೇಲೆ ಸರ್‍ರೆಂದಿತು. ಅವರು ಪರದೆಯ ಮೇಲೆ ಏನು ಬಂತೆಂದು ನೋಡಲಿಲ್ಲ. ನೋಡುವವರ ಮುಖ ನೋಡುತ್ತಿದ್ದರು. ನೀರು ಕುಡಿದು ಸುಕ್ಕಾಗಿದ್ದ ಹಳೆಯ ಕಾಗದಗಳನ್ನು ಮಾತ್ರ ಯಂತ್ರ ಮೂಸಿ ಮೂಸಿ ಹೊರಗೆ ತಳ್ಳಿತು. "ಇವನ್ನ ಆಮೇಲೆ ನೋಡೋಣ" ಎಂದು ಪಕ್ಕಕ್ಕಿಟ್ಟರು.

ಉಪ್ಪಿಟ್ಟಿಗೆ ನೀರು ಕುದಿಯುವ ಮೊದಲೇ ಎಲ್ಲರ ಕೆಲಸ ಮುಗಿದಿತ್ತು.

"ಬರ್ತೀವಿ ಸಾರ್. ಎಷ್ಟು ಬೇಗ ಆಗೋಯ್ತು!" ಎಂದು ರಜನಿ ಎದ್ದಳು.

"ಅರೆ, ಉಪ್ಪಿಟ್ಟು..."

"ಇನ್ನೊಂದಿನ ಸಾರ್."

ಶೇಷಾದ್ರಿಯೂ ಒಂದೇ ಕಾಫಿಗೆ ಎದ್ದರು. ವೈದೇಹಿ ಸೌಟು ಹಿಡಿದು ಬಾಗಿಲಿಗೆ ಬಂದಾಗ ಕೋಣೆಯಲ್ಲಿ ಗಂಡ ಮತ್ತು ಗಂಡನ ಯಂತ್ರ ಇಬ್ಬರೇ ಇದ್ದರು. "ಈ ಉಪ್ಪಿಟ್ಟನ್ನೂ ಅದರ ಬಾಯಿಗೇ ಹಾಕಲಾ?" ಎಂದರು. ವೆಂಕಟಾಚಲರಿಗೆ ಏನೋ ಸರಿಯಿಲ್ಲ ಎನಿಸಿತು. ಆದರೆ ಗೆದ್ದವರು ಅಂಥದ್ದನ್ನೆಲ್ಲ ಹೆಚ್ಚು ಯೋಚಿಸಬಾರದು ಎಂದು ಎರಡು ತಟ್ಟೆ ಉಪ್ಪಿಟ್ಟು ತಿಂದರು.

ಎರಡು ದಿನ ಬಿಟ್ಟು ಶೇಷಾದ್ರಿಯ ಫೋನು. "ಸಾರ್, ನನ್ನನ್ನ ಹೊಡೆದು ಹಾಕಿದೀರಲ್ಲ!"

"ಏನಾಯ್ತ್ರೀ?"

"ನೀವು ಕಳಿಸಿದ್ದು ನೋಡಿ. ಒಂದೊಂದು ಪುಟಕ್ಕೂ ಮೇಲಿಂದ ಕೆಳಗೆ ಕೆಂಪು ಗೆರೆ. ನನ್ನ ಫೋಟೋದಲ್ಲಿ ಹಣೆಯಿಂದ ಗದ್ದದವರೆಗೆ ಎಳೆದಿದೆ. ಪೆನ್ಷನ್ ಕೌಂಟರಿನವನು, 'ಕಾಕಾ, ಕೆಂಪು ಗೆರೆ ಎಳೆದದ್ದು ಅಂದ್ರೆ ಕ್ಯಾನ್ಸಲ್ ಅಂತ, ನೀವು ಇದೀರೋ ಹೋಗಿದೀರೋ' ಅಂತ ನನ್ನನ್ನೇ ಕೇಳ್ತಾನೆ!"

ವೆಂಕಟಾಚಲರು ಕನ್ನಡಕ ಹಾಕಿ ನೋಡಿದರು. ನಿಜ. ಆ ಭಾನುವಾರ ಯಂತ್ರದ ಹೊಟ್ಟೆ ಹಾದುಹೋದ ಸಕಲ ಕನ್ನಡಿಗರೂ ನಟ್ಟನಡುವೆ ಕೆಂಪಗೆ ರದ್ದಾಗಿದ್ದರು. ಒರೆಸಿದರು, ಆರಿಸಿ ಹಚ್ಚಿದರು, ತಟ್ಟಿದರು, ಗೆರೆ ಹೋಗಲಿಲ್ಲ. ಅಷ್ಟರಲ್ಲಿ ಗುಂಪಿನಲ್ಲಿ ರಜನಿಯೂ ತನ್ನ ಕೆಂಪು ಗೆರೆ ತೋರಿಸಿದ್ದಳು, ಯಾರೋ ನಗುವ ಚಿಹ್ನೆ ಒತ್ತಿದ್ದರು. ಅದರ ಕೆಳಗೆ ಬಾಲಚಂದ್ರರ ಒಂದು ಸಾಲು: "ನಾ ಬರ್ತೀನಿ, ನೋಡೋಣಂತ."

ಕೆಂಪು ಗೆರೆಗಿಂತ ಆ ಸಾಲೇ ಹೆಚ್ಚು ಉರಿಯಿತು. ಸೋತದ್ದನ್ನು ಸಹಿಸಬಹುದು. ಗೆದ್ದವನು ಮನೆಗೇ ಬಂದು ಎತ್ತಿ ಕೂರಿಸುವುದನ್ನು ಸಹಿಸುವುದು ನಮ್ಮಂಥ ಸಾಮಾನ್ಯರಿಂದ ಆಗುವ ಕೆಲಸವಲ್ಲ.

ಬಾಲಚಂದ್ರರು ಕನ್ನಡಕ ಒರೆಸುವ ಬಟ್ಟೆಯೊಂದನ್ನು ಜೇಬಿನಲ್ಲಿಟ್ಟುಕೊಂಡು ಬಂದರು. ಯಂತ್ರದ ಪಕ್ಕದ ಕೀಲಿ ಒತ್ತಿ ಮುಚ್ಚಳವನ್ನು ಹಾಡಿನ ಪುಸ್ತಕದಂತೆ ತೆರೆದರು. ಒಳಗೆ ಕಿರುಬೆರಳಷ್ಟು ಅಗಲದ ಗಾಜಿನ ಪಟ್ಟಿ. ಅದರ ಮೇಲೊಂದು ಕುಂಕುಮದ ಚುಕ್ಕೆ. ಕಾಗದ ಅದರ ಮುಂದೆ ಹಾದುಹೋಗುವಾಗ ಚುಕ್ಕೆ ಗೆರೆಯಾಗುತ್ತಿತ್ತು. ಉರುಳೆಯ ಸಂದಿಯಲ್ಲಿ ಅಕ್ಷತೆ ಸಿಕ್ಕಿತು.

"ಪೂಜಾ ಮಾಡೀರಿ!" ಎಂದರು ಬಾಲಚಂದ್ರರು.

ವೈದೇಹಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. "ಅದರ ಬಾಯಿಗೆ ಹಾಕಿದ್ದು ನಾನೇ. ನೀವು ಮಾಡಲ್ವಾ ಪೂಜೆ?"

"ಮಾಡದ ಇರ್ತೇವೇನ್ರೀ? ನಮ್ಮ ನಳಿನಿನೂ ಒಳಗ ಹಚ್ಚ್ಯಾಳ. ಆದರ ಆಕಿ ಹಚ್ಚಿದ್ದು ಗಂಧ. ಗಂಧದ ಗೆರಿ ಬಿಳಿ ಕಾಗದದ ಮ್ಯಾಲೆ ಯಾರಿಗೂ ಕಾಣಂಗಿಲ್ಲ."

ವೆಂಕಟಾಚಲರು ಗೋಡೆ ನೋಡಿದರು. ತಪ್ಪು ಇಬ್ಬರದ್ದೂ ಒಂದೇ. ಆದರೆ ಈ ಮನುಷ್ಯನ ತಪ್ಪಿಗೂ ಬಡ್ತಿ ಸಿಕ್ಕಿದೆ!

ಗಾಜು ಒರೆಸಿಯಾಯಿತು, ಬಿಳಿ ಕಾಗದ ಬಿಳಿಯಾಗಿ ಬಂತು, ಕಾಫಿಯೂ ಬಂತು. ಬಾಲಚಂದ್ರರು ಏಳಲಿಲ್ಲ. ಬೀರುವಿನ ಮುಂದೆ ನಿಂತು ಒಂದು ಕಡತ ಎಳೆದರು, ಇನ್ನೊಂದು ಎಳೆದರು. "ಈ ಟೈರ್ ಗೋಡೌನ್ ಬೆಂಕಿ ನೆನಪದ ಏನ್ರೀ? ನಾವಿಬ್ಬರೂ ಮಾರಿ ತುಂಬ ಮಸಿ ಬಡಕೊಂಡು ರೈಲು ಹತ್ತಿದ್ವಿ, ಟೀಸಿ ಟಿಕೆಟ್ ಕೇಳೂದ ಬಿಟ್ಟು ಓಡಿ ಹೋದ." ವೆಂಕಟಾಚಲರು ನಗಬಾರದೆಂದು ತೀರ್ಮಾನಿಸಿದ್ದರು, ನಕ್ಕುಬಿಟ್ಟರು. ಎರಡನೆಯ ಕಾಫಿ ಬಂತು.

"ನಿಮ್ಮಲ್ಲಿ ಭಾನುವಾರ ಜನ ಜಾಸ್ತಿ ಅಲ್ವಾ ಈಗ?" ಎಂದು ವೆಂಕಟಾಚಲರು ಹುಣ್ಣನ್ನು ತಾವೇ ಮುಟ್ಟಿ ನೋಡಿಕೊಂಡರು.

"ಬರ್ತಾರ. ಕೊಡ್ತಾರ. ತಗೊಂಡು ಹೋಗ್ತಾರ. ಚಪ್ಪಲಿ ಸೈತ ಪೂರಾ ಬಿಡಂಗಿಲ್ಲ, ಒಂದು ಕಾಲು ಒಳಗ, ಒಂದು ಕಾಲು ಹೊರಗ. ನಳಿನಿ ಚುರುಮುರಿ ಹಚ್ಚಿಡ್ತಾಳ, ಸಂಜೀಕ ನಾವಿಬ್ಬರ ತಿಂತೀವಿ." ಬಾಲಚಂದ್ರರು ಕಡತದ ಲಾಡಿಯನ್ನು ಕಟ್ಟಿ ಬಿಚ್ಚಿ ಮಾಡಿದರು. "ಖರೇ ಹೇಳ್ಲಿ? ಬೋಪಾಲದಾಗ ಹನ್ನೊಂದನೇ ಮಾಳಿಗಿ ಮ್ಯಾಲೆ ಯಾರು ಬರ್ತಾರ್ರೀ? ಸೂರ್ಯ ಮುಳುಗೂದ ನೋಡಕೋತ ಕೂಡೂದು. ಗುಂಪಿನ್ಯಾಗ ನಿಮ್ಮ ಮನಿ ಭಾನುವಾರದ ಫೋಟೋ ಬಂದ್ರ ನನಗ ಹೊಟ್ಟಿಯೊಳಗ ಬೆಂಕಿ ಬೀಳತಿತ್ತು. ಮಂದಿ ಬರಲಿ ಅಂತನ ಆ ಮಷೀನ್ ತಂದೆ. ಈಗ ನೋಡಿದ್ರ ಅದು ಬಂದವರನ್ನ ಓಡಸೂ ಮಷೀನ್ ಆತು. ಅರ್ಧ ಮಂದಿ ಕಾಗದ ನೀರಾಗ ನೆನೆದಾವ, ಅವನ್ನ ಅದು ತಗೊಳ್ಳೂದೂ ಇಲ್ಲ. ಹಂಗ ವಾಪಸ್ ಕಳಸೀನಿ."

ಬಾಲಚಂದ್ರನಿಗೆ ತನ್ನ ಮೇಲೆ ಹೊಟ್ಟೆಕಿಚ್ಚು! ಇಷ್ಟು ವರ್ಷ! ವೆಂಕಟಾಚಲರಿಗೆ ಒಳಗೆಲ್ಲ ಎಳನೀರು ಹೊಯ್ದ ಹಾಗಾಯಿತು. ಬಡ್ತಿಯ ಪತ್ರ ತಡವಾಗಿಯಾದರೂ ಕೈಗೆ ಬಂದಂತಿತ್ತು. ಬಾಲಚಂದ್ರರು ಹೊರಟಾಗ ಗೇಟಿನವರೆಗೂ ಹೋಗಿ ಬೀಳ್ಕೊಟ್ಟರು, ಅವರ ಸ್ಕೂಟರು ತಿರುವು ದಾಟುವವರೆಗೆ ಕೈ ಬೀಸಿದರು. ಆಮೇಲೆ ಒಳಗೆ ಬಂದು, ಬಟ್ಟೆ ಬದಲಿಸಿ, ಯಂತ್ರವನ್ನು ಪೆಟ್ಟಿಗೆಗೆ ತುಂಬಿದರು.

"ಎಲ್ಲಿಗೆ?" ಎಂದರು ವೈದೇಹಿ.

"ನೀನೂ ಬಾ. ನಿಂಗೇ ಗೊತ್ತಾಗೋದು, ಉಪ್ಪಿಟ್ಟು ಆಗಿ ತಟ್ಟೆಗೆ ಬರೋಕೆ ಎಷ್ಟು ಹೊತ್ತು ಬೇಕು ಅಂತ."

ಹಸ್ಮುಖಭಾಯಿ ಪೆಟ್ಟಿಗೆ ಬಿಚ್ಚಿದ. ಯಂತ್ರದ ಹಣೆಯ ಕುಂಕುಮ ಕಂಡ. ವಾಪಸು ತೆಗೆದುಕೊಳ್ಳುವುದಿಲ್ಲ ಎನ್ನಲು ತೆರೆದ ಬಾಯನ್ನು ಮುಚ್ಚಿ, ಪೂಜೆಯಾದ ವಸ್ತುವೆಂದು ಕೈಮುಗಿದು, ಒಂದಿಷ್ಟು ಮುರಿದುಕೊಂಡು ವಾಪಸು ಇಟ್ಟುಕೊಂಡ. "ಬೇರೆ ಯಾವುದು ತೋರಿಸಲಿ, ಕಾಕಾ? ಐವತ್ತರದ್ದು?"

"ಎಲ್ಲಕ್ಕಿಂತ ನಿಧಾನದ್ದು ಯಾವುದಿದೆ?"

"ಧೀಮು?" ಅವನು ವೈದೇಹಿಯ ಕಡೆ ನೋಡಿದ, ಕಾಕಾ ಹುಷಾರಿದ್ದಾರೆಯೇ ಎಂಬಂತೆ.

"ಧೀಮು" ಎಂದರು ವೈದೇಹಿ, ಗಟ್ಟಿಯಾಗಿ. "ಮುಚ್ಚಳ ತೆಗೆದು ಒಂದೊಂದೇ ಇಡೋದು."

ಹಸ್ಮುಖಭಾಯಿ ಮೂರು ಫ್ಲಾಟ್‌ಬೆಡ್ ತಂದಿಟ್ಟ. ವೆಂಕಟಾಚಲರು ಮೂರರಲ್ಲೂ ಒಂದೊಂದು ಕಾಗದ ಇಟ್ಟು, ಬೆಳಕಿನ ಗೆರೆ ಈ ತುದಿಯಿಂದ ಆ ತುದಿಗೆ ತೆವಳುವುದನ್ನು ನೋಡಿದರು. ಮೊದಲನೆಯದು ಅವಸರದ್ದು. ಎರಡನೆಯದು ಪರವಾಗಿಲ್ಲ. ಮೂರನೆಯದು ಗರ್ಭಿಣಿಯಂತೆ ನಡೆಯಿತು. ಅದನ್ನೇ ಕಟ್ಟಿಸಿದರು. ಈ ಸಲ ವೈದೇಹಿ ಕುಂಕುಮವನ್ನು ಪೆಟ್ಟಿಗೆಗೆ ಮಾತ್ರ ಹಚ್ಚಿದರು.

"ನೀರಲ್ಲಿ ನೆನೆದ, ಸುಕ್ಕಾದ, ಹರಿದ ಕಾಗದಗಳಿಗೆ ಮಾತ್ರ" ಎಂದು ಗುಂಪಿಗೆ ಬರೆದರು. ನೆನೆದ ಕಾಗದ ಒಂದೂ ಇಲ್ಲದ ಮನೆ ಊರಲ್ಲಿ ಕಡಿಮೆಯಿತ್ತು. ಭಾನುವಾರ ಬಾಗಿಲಲ್ಲಿ ಚಪ್ಪಲಿ ಸಂತೆ. ಶೇಷಾದ್ರಿ ತಮ್ಮ ಮೊದಲ ನೇಮಕದ ಆದೇಶವನ್ನು ಹಪ್ಪಳದಂತೆ ಎರಡು ಕೈಯಲ್ಲಿ ತಂದರು. ಅದನ್ನು ಗಾಜಿನ ಮೇಲೆ ಮಲಗಿಸಿ, ಮೂಲೆ ನೇವರಿಸಿ, ಮುಚ್ಚಳ ಹಾಕಿ, ಬೆಳಕು ತೆವಳಿ ಮುಗಿಯುವಷ್ಟರಲ್ಲಿ ಅವರ ಅರಸೀಕೆರೆ ಜಂಕ್ಷನ್ನಿನ ಮೊದಲ ರಾತ್ರಿಪಾಳಿಯ ಕಥೆ ಅರ್ಧ ಆಗಿತ್ತು. ಹಿಂಬದಿ ಇಡುವಾಗ ಉಳಿದರ್ಧ ಆಯಿತು. ಉಪ್ಪಿಟ್ಟಿನ ಪಾತ್ರೆಯ ತಳ ಕಂಡಿತು.

ಬಾಲಚಂದ್ರರೂ ಬಂದರು, ನಳಿನಿಯ ಚುರುಮುರಿ ಡಬ್ಬಿಯೊಂದಿಗೆ. ಗೋಡೆಗೊರಗಿ ಕೂತು ಟೈರ್ ಗೋಡೌನಿನ ಕಥೆ ಎತ್ತಿದರು. ಟೀಸಿ ಓಡಿದ ಭಾಗಕ್ಕೆ ಬಂದಾಗ ಕೋಣೆಗೆ ಕೋಣೆಯೇ ನಕ್ಕಿತು. ರಜನಿ ಕಣ್ಣೊರೆಸಿಕೊಳ್ಳುತ್ತ, "ಬಾಲಚಂದ್ರ ಸಾರ್, ನೀವು ಕಥೆ ಹೇಳೋ ಥರ ಯಾರೂ ಹೇಳಲ್ಲ ಬಿಡಿ" ಎಂದಳು. ಶೇಷಾದ್ರಿ, "ಚುರುಮುರಿ ಇನ್ನೊಂದು ಹಿಡಿ ಇದೆಯೇ?" ಎಂದರು. ಎಲ್ಲರ ಬೆನ್ನೂ ಸ್ಕ್ಯಾನರಿನ ಕಡೆಗೆ, ಮುಖ ಬಾಲಚಂದ್ರರ ಕಡೆಗೆ. ವೈದೇಹಿಯೂ ಸೌಟು ಹಿಡಿದು ಅಲ್ಲೇ ನಿಂತುಬಿಟ್ಟಿದ್ದರು.

ವೆಂಕಟಾಚಲರು ಮುಚ್ಚಳ ಹಾಕಿ ಗಂಟಲು ಸರಿಮಾಡಿಕೊಂಡರು.

"ಸ್ವಲ್ಪ ಮೆಲ್ಲಗೆ ಮಾತಾಡ್ರಪ್ಪ" ಎಂದರು. "ಮಷೀನು ಅಲ್ಲಾಡತ್ತೆ."